ಯಾರೂ ಸಾಯದ ಊರಿನ ಸರಾಸರಿ

ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಿಂದ, ಪಾವು ಡಬ್ಬಿಯ ತಳ ಕೆರೆಯುವ ಸಣ್ಣ ಸದ್ದು ಬಂತು. ಸರ್ರ್ ಎಂದು ಒಮ್ಮೆ, ಸ್ವಲ್ಪ ತಡೆದು ಇನ್ನೊಮ್ಮೆ. ಆಮೇಲೆ ಅತ್ತೆಯ ದನಿ ಕೇಳಿಸಿತು. "ವಾರಿಜಾ, ಎಚ್ಚರ ಇದ್ದೀಯೇನೇ? ಅಕ್ಕಿ ಹೆಚ್ಚಿದೆ ಕಣೆ. ಬೆಳಿಗ್ಗೆ ಎದ್ದ ತಕ್ಷಣ ತರಿಸ್ಬೇಕು."

ನಾನು ಎಚ್ಚರವಾಗಿಯೇ ಇದ್ದೆ. ಆ ಊರಿಗೆ ಸೊಸೆಯಾಗಿ ಬಂದಂದಿನಿಂದ ನನಗೆ ಪೂರ್ತಿ ನಿದ್ದೆ ಎಂಬುದು ಅಪರೂಪ. ಅವತ್ತು ಹೊದಿಕೆಯೊಳಗೆ ಕಂಪ್ಯೂಟರ್ ತರಗತಿಯ ಮನೆಪಾಠವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಮನೆಯಲ್ಲಿರುವ ಕೆಲವು ಸಾಮಾನುಗಳ ಹೆಸರಿನಲ್ಲಿ ಒಂದೊಂದು ವೇರಿಯಬಲ್ ಮಾಡಿ, ಅದರೊಳಗೆ ಎಷ್ಟಿದೆಯೋ ಅಷ್ಟು ಬರೆದುಕೊಂಡು ಬರಬೇಕಿತ್ತು. ಎಣ್ಣೆ, ಬೇಳೆ, ಬೆಲ್ಲ ಆಗಿದ್ದವು. ಅಕ್ಕಿಯ ಮುಂದಿನ ಜಾಗ ಬಾಕಿಯಿತ್ತು. ಅತ್ತೆಯ ಮಾತು ಕೇಳಿದ್ದೇ ಅಲ್ಲಿ 'ಹೆಚ್ಚಿದೆ' ಎಂದು ತುಂಬಿಕೊಂಡು ಕಣ್ಣು ಮುಚ್ಚಿದೆ.

ಮರುದಿನ ತರಗತಿಯಲ್ಲಿ ಬರೆದು ತೋರಿಸಿದಾಗ ಅಭಿನಂದನ್ ಸರ್ ಅದನ್ನು ನೋಡಿ, "ಮೇಡಂ, ಅಕ್ಕಿ ಹೆಚ್ಚಿದ್ರೆ ಬೆಳಿಗ್ಗೆ ಯಾಕೆ ಮೂಟೆ ಹೊತ್ಕೊಂಡು ಬಂದ್ರು ನಿಮ್ಮನೆಯೋರು?" ಎಂದು ಕೇಳಿದರು.

"ಹೆಚ್ಚಿದೆ ಅಂತಲೇ ತಂದದ್ದು ಸರ್" ಎಂದೆ. ತರಗತಿಯ ಹೆಂಗಸರೆಲ್ಲ ಹೌದೆಂದು ತಲೆದೂಗಿದರು. ಸರ್ ನಮ್ಮನ್ನೊಮ್ಮೆ ನೋಡಿ, ಬೋರ್ಡಿನ ಕಡೆ ತಿರುಗಿಕೊಂಡರು.

ನಮ್ಮ ಊರಿನಲ್ಲಿ, 'ಇದೆ' ಎಂಬುದಕ್ಕೆ ಎದುರಾಗಿ ನಿಲ್ಲುವ ಆ ಎರಡಕ್ಷರದ ಮಾತನ್ನು ಯಾರೂ ಆಡುವುದಿಲ್ಲ. ಯಾವುದನ್ನು ಕುರಿತು ಆಡಿದರೆ ಅದು ಹೋಗಿಬಿಡುತ್ತದೆ. ಗೊತ್ತಿಲ್ಲ, ಬರಲಿಲ್ಲ ಎಂದು ಬೇರೆ ಮಾತಿನ ಬಾಲವಾಗಿ ಬಂದರೆ ದೋಷ ತಟ್ಟುವುದಿಲ್ಲವೆಂದು ಹಿರಿಯರು ಎಂದೋ ತೀರ್ಮಾನಿಸಿದ್ದಾರೆ. ಅಷ್ಟೂ ಸಡಿಲ ಬಿಡದಿದ್ದರೆ ಊರಿಗೆ ಊರೇ ಮೂಕವಾಗುತ್ತಿತ್ತು. ಒಂಟಿಯಾಗಿ ನಿಂತರೆ ಮಾತ್ರ ಕಂಟಕ. ಯಾವ ಕಾಲದಲ್ಲೋ ಒಬ್ಬಳು ದಾರಿಹೋಕನಿಗೆ ನೀರನ್ನು ಕುರಿತು ಆ ಮಾತು ಆಡಿದ್ದೇ ಬಾವಿಗೆ ಬಾವಿಯೇ ಹೋಯಿತಂತೆ. ಬಾವಿ ಎಲ್ಲಿತ್ತೆಂದು ಕೇಳಿದರೆ ಎಲ್ಲರೂ ಉತ್ಸಾಹದಿಂದ ತೋರಿಸುತ್ತಾರೆ, ಒಬ್ಬೊಬ್ಬರು ಒಂದೊಂದು ಕಡೆ. ಹೀಗಾಗಿ ಅಂಗಡಿಯಲ್ಲಿ ಸಕ್ಕರೆ ಮುಗಿದರೆ "ಸಕ್ಕರೆ ಹೆಚ್ಚಿದೆ, ನಾಡಿದ್ದು ಬನ್ನಿ" ಅನ್ನುತ್ತಾರೆ. ಕೊನೆಯ ದೋಣಿ ಹೊರಟುಹೋಗಿದ್ದರೆ "ದೋಣಿ ಹೆಚ್ಚಿತು" ಅನ್ನುತ್ತಾರೆ. ಹೊರಗಿನವರು ಇದನ್ನೆಲ್ಲ ಕೇಳಿ ನಮ್ಮದು ಭಾರಿ ಸಮೃದ್ಧಿಯ ಊರೆಂದು ತಿಳಿದುಕೊಂಡು ಹೋಗುತ್ತಾರೆ.

ಸಾಮಾನಿಗೇ ಇಷ್ಟು ಜೋಪಾನವಾದರೆ ಮನುಷ್ಯರಿಗೆ ಎಷ್ಟಿರಬೇಡ. ತೀರಿಕೊಂಡವರನ್ನು ಕುರಿತು ಯಾರಾದರೂ ವಿಚಾರಿಸಿದರೆ "ಇದ್ದಾರೆ" ಎನ್ನುವುದೇ ಪದ್ಧತಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮಾವನವರು ಬದುಕಿದ್ದರು. ಮುಂದೆ ಅವರು ತೀರಿಕೊಂಡು, ಕರ್ಮಾಂತರಗಳೆಲ್ಲ ಮುಗಿದ ಮೇಲೂ, ಬಂದ ನೆಂಟರು ಬಾಗಿಲಲ್ಲಿ "ಯಜಮಾನರು?" ಎಂದರೆ ಅತ್ತೆ "ಇದ್ದಾರೆ, ಒಳಗೆ ಬನ್ನಿ" ಎನ್ನುತ್ತಿದ್ದರು. ನೆಂಟರೂ ಅರ್ಥ ಮಾಡಿಕೊಂಡು, ಮುಖ ಸಣ್ಣದು ಮಾಡಿಕೊಂಡು ಒಳಗೆ ಬರುತ್ತಿದ್ದರು. ನಾನು ನಾಲಿಗೆ ತುದಿಯ ಮಾತು ನುಂಗಿ ನುಂಗಿ, ಯಾವ ವಾಕ್ಯವನ್ನೂ ಕೊನೆಯವರೆಗೆ ಯೋಚಿಸದೆ ಶುರು ಮಾಡದವಳಾದೆ.

ಅಭಿನಂದನ್ ಸರ್ ಮೇಲಿನ ಕಚೇರಿಯಿಂದ ಬಂದವರು. ಊರು ಅವರನ್ನು ಡಾಟಾ ಸಾಹೇಬರು ಎಂದು ಕರೆಯಿತು. ಪ್ರತಿ ಊರಿನ ಓದಿದ ಹೆಂಗಸರಿಗೆ ಸ್ವಲ್ಪ ಪ್ರೋಗ್ರಾಮಿಂಗ್ ಕಲಿಸಿ, ಅವರ ಕೈಯಲ್ಲೇ ಆ ಊರಿನ ಸಮೀಕ್ಷೆ ಮಾಡಿಸಿ, ಅವರಿಂದಲೇ ಲೆಕ್ಕ ಹಾಕಿಸಿ, ಊರಿಗೆ ಏನು ಬೇಕು ಏನು ಬೇಡ ಎಂದು ಯಂತ್ರವೇ ಹೇಳುವಂತೆ ಮಾಡುವುದು ಅವರ ಇಲಾಖೆಯ ಯೋಜನೆ. ಮಹಿಳಾ ಸಮಾಜದ ಹಾಲಿನಲ್ಲಿ ತರಗತಿ ಶುರುವಾಯಿತು. ಪಕ್ಕದ ಮನೆಯ ಅನಸೂಯಮ್ಮ ವಯಸ್ಸಿನಲ್ಲಿ ಹಿರಿಯರಾದರೂ ಮೊದಲ ಬೆಂಚಿನಲ್ಲೇ ಕೂರುತ್ತಿದ್ದರು. ಅವರ ಮಗ ಮುರಳಿ ಒಂದು ದಿನ ಸೈಕಲ್ ಹತ್ತಿ ಹೋದವನು ಹಿಂದಿರುಗಿರಲಿಲ್ಲ. ಅವನು ಬಂದಾಗ ಬೆಪ್ಪಾಗಿ ಕಾಣಬಾರದೆಂದು ಅನಸೂಯಮ್ಮ ಹೊಸದು ಏನು ಬಂದರೂ ಕಲಿತಿಡುತ್ತಿದ್ದರು.

"ವೇರಿಯಬಲ್ ಅಂದ್ರೆ ಒಂದು ಡಬ್ಬಿ" ಎಂದು ಸರ್ ಮೊದಲ ದಿನ ಹೇಳಿದರು. "ಮೇಲೆ ಹೆಸರು, ಒಳಗೆ ಬೆಲೆ."

"ನಮ್ಮನೇಲಿ ಬಿಸ್ಕತ್ತು ಅಂತ ಬರೆದಿರೋ ಡಬ್ಬೀಲಿ ಸೂಜಿ-ದಾರ ಇರತ್ತೆ" ಎಂದರು ಅನಸೂಯಮ್ಮ. "ಅದು ಏನಾಗತ್ತೆ?"

"ಅದು ಕೆಟ್ಟ ಪ್ರೋಗ್ರಾಮಿಂಗ್ ಆಗತ್ತೆ."

"ಹಂಗನ್ಬೇಡಪ್ಪ. ನಾನು ಮದುವೆಯಾಗಿ ಬಂದಾಗಿನಿಂದ ಒಂದು ಸೂಜಿನೂ ಕಳೆದಿಲ್ಲ. ಬಿಸ್ಕತ್ತು ಅಂತ ಬರೆದಿರೋದ್ರಿಂದ್ಲೇ ಗಂಡಸರು ಒಂದ್ಸಲ ತೆಗೆದು ನೋಡಿ ಸುಮ್ಮನಾಗ್ತಾರೆ."

ಆಮೇಲೆ ಬೆಲೆಗಳ ಜಾತಿ ಬಂತು. ಸರ್ ಅದಕ್ಕೆ ಡಾಟಾ ಟೈಪ್ ಎಂದರು. ಇಡಿಯಾದ ಎಣಿಕೆಗೆ ಇಂಟಿಜರ್, ಚುಕ್ಕಿ ಇಟ್ಟು ಒಡೆದ ಸಂಖ್ಯೆಗೆ ಫ್ಲೋಟ್, ಅಕ್ಷರಗಳ ಸರಕ್ಕೆ ಸ್ಟ್ರಿಂಗ್. ಸಂಖ್ಯೆಯಾದರೆ ಎರಡಕ್ಕೆ ಎರಡು ಕೂಡಿ ನಾಲ್ಕಾಗುತ್ತದೆ. ಅದೇ ಎರಡನ್ನು ಅಕ್ಷರವೆಂದು ಬರೆದುಬಿಟ್ಟರೆ ಪಕ್ಕ ಪಕ್ಕ ನಿಂತು ಇಪ್ಪತ್ತೆರಡಾಗುತ್ತದೆ. ಹಿಟ್ಟಿನ ಗಿರಣಿಯವರ ಸೊಸೆ ಈ ತಪ್ಪು ಮಾಡಿ, ತನ್ನ ಮನೆಯ ಇಬ್ಬರು ಹುಡುಗರಿಗೆ ಮೈದುನನ ಇಬ್ಬರು ಹುಡುಗರನ್ನು ಕೂಡಿಸಿ ಇಪ್ಪತ್ತೆರಡು ಮಕ್ಕಳೆಂದು ತೋರಿಸಿದಳು. "ಗಲಾಟೆ ನೋಡಿದ್ರೆ ಸರಿಯಾಗೇ ಇದೆ" ಎಂದು ಅನಸೂಯಮ್ಮ ಅವಳ ಬೆನ್ನು ತಟ್ಟಿದರು.

ಕಷ್ಟವಾದದ್ದು ಬೂಲಿಯನ್. "ಇದಕ್ಕೆ ಎರಡೇ ಬೆಲೆ" ಎಂದು ಸರ್ ಸೀಮೆಸುಣ್ಣ ಎತ್ತಿಕೊಂಡರು. "ಒಂದೋ ಇದೆ, ಅಥವಾ..." ಅಷ್ಟರಲ್ಲಿ ಹಾಲಿನ ಹೆಂಗಸರಿಗೆಲ್ಲ ಒಟ್ಟಿಗೆ ಕೆಮ್ಮು ಬಂತು. ಸರ್ ಕಾದು ಮತ್ತೆ ಶುರು ಮಾಡಿದರು. ಮತ್ತೆ ಕೆಮ್ಮು, ಒಬ್ಬರು ಬಳೆ ಆಡಿಸಿದರು, ಇನ್ನೊಬ್ಬರು ಬೆಂಚು ಎಳೆದರು. ಮೂರನೆಯ ಸಲಕ್ಕೆ ಅನಸೂಯಮ್ಮ ಎದ್ದು ನಿಂತು, "ಸ್ವಾಮಿ, ನೀವು ಬೇರೆ ಕಡೆಯೋರು, ನಿಮಗೆ ಗೊತ್ತಾಗಲ್ಲ. ನೀವು ಕೈಯಲ್ಲಿ ಏನು ಹಿಡ್ಕೊಂಡಿದ್ದೀರೋ, ಎಲ್ಲಿ ನಿಂತಿದ್ದೀರೋ, ಅದಕ್ಕೇ ತಗುಲಿಬಿಟ್ರೆ?" ಎಂದರು. ಸರ್ ಸೀಮೆಸುಣ್ಣ ನೋಡಿಕೊಂಡರು. ಕೊನೆಗೆ ಬೋರ್ಡಿನ ಮೇಲೆ 'ಇದೆ' ಎಂದು ಬರೆದು, ಅದರ ಎದುರಿಗೆ ಒಂದು ಗೆರೆ ಎಳೆದು ಬಿಟ್ಟರು. ಆ ಗೆರೆಯನ್ನೂ ಕೆಲವರು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಬರೆದುಕೊಂಡರು.

ಎರಡೂ ಅಲ್ಲದ ಇನ್ನೊಂದು ಬೆಲೆಯನ್ನೂ ಅವರು ಹೇಳಿದರು. ಅದರ ಹೆಸರು ನಲ್. "ನಲ್ಲಿ ನೀರಿಂದಾ?" ಎಂದು ಯಾರೋ ಕೇಳಿದರು. "ಗೊತ್ತಿಲ್ಲ ಅಂತ ಅರ್ಥ" ಎಂದರು ಸರ್. "ಸೊನ್ನೆ ಬೇರೆ, ನಲ್ ಬೇರೆ. ಸೊನ್ನೆ ಅಂದ್ರೆ ಎಣಿಸಿ ನೋಡಿದೀವಿ. ನಲ್ ಅಂದ್ರೆ ಇನ್ನೂ ತಿಳಿದು ಬಂದಿಲ್ಲ." ನನಗೆ ಆ ಬೆಲೆ ಕಂಡು ಯಾಕೋ ಸಮಾಧಾನವಾಯಿತು. ಸಮೀಕ್ಷೆಗೆ ಟ್ಯಾಬ್ಲೆಟ್ ಹಿಡಿದು ಹೋದಾಗ ಅನಸೂಯಮ್ಮನ ಮನೆಯಲ್ಲಿ ಮುರಳಿಯ ಸಾಲು ಬಂತು. "ಇದನ್ನ ಖಾಲಿ ಬಿಡಬಹುದು ಅನಸೂಯಮ್ಮ. ನಲ್ ಆಗತ್ತೆ" ಎಂದೆ, ಪದ ಪದ ತೂಗಿ. ಅವರು ಮಗನ ಅಂಗಿ ಮಡಚುತ್ತಿದ್ದರು. ವಾರಕ್ಕೊಮ್ಮೆ ಅದನ್ನು ಒಗೆದು ಒಣಗಿಸಿಡುವುದು ಅವರ ರೂಢಿ.

"ಖಾಲಿ ಬಿಟ್ಟ ಜಾಗಾನ ಯಾರಾದ್ರೂ ತುಂಬಿಬಿಡ್ತಾರೆ ಕಣೆ. ಇದ್ದಾನೆ ಅಂತ ಬರಿ."

ಬರೆದೆ. ನನ್ನ ಮನೆಯ ಸಾಲಿನಲ್ಲಿ ಅತ್ತೆ ಹೇಳಿದಂತೆ ಮಾವನವರಿಗೂ ಇದ್ದಾರೆ ಎಂದು ಬರೆದೆ. ಊರಿನ ಎಲ್ಲ ಮನೆಗಳಲ್ಲೂ ಎಲ್ಲರೂ ಇದ್ದರು. ಅಜ್ಜ ಇದ್ದರು, ಅಜ್ಜನ ಅಜ್ಜ ಇದ್ದರು. ಗಿರಣಿಯವರ ಮನೆಯ ಮೂಲಪುರುಷ ಕೂಡ, ಹುಟ್ಟಿದ ವರ್ಷ ಸಮೇತ, ಇದ್ದರು. ಅಕ್ಕಿ, ಬೇಳೆ, ಔಷಧಿ ಎಲ್ಲವೂ ಹೆಚ್ಚಿದ್ದವು.

ಅಭಿನಂದನ್ ಸರ್ ಸರಾಸರಿ ತೆಗೆಯುವುದನ್ನು ಕಲಿಸಿದ್ದು ಈ ಮಾಹಿತಿಯ ಮೇಲೆಯೇ. ಎಲ್ಲರ ವಯಸ್ಸು ಕೂಡಿಸಿ, ಜನಸಂಖ್ಯೆಯಿಂದ ಭಾಗಿಸಿ ಎಂದರು. ಪರದೆಯ ಮೇಲೆ ಬಂದದ್ದು ತೊಂಬತ್ತಮೂರು ಚುಕ್ಕಿ ಏನೋ. "ಚುಕ್ಕಿ ಬಂದಿದೆ, ಫ್ಲೋಟು" ಎಂದು ಗಿರಣಿಯವರ ಸೊಸೆ ಹೆಮ್ಮೆಯಿಂದ ಹೇಳಿದಳು. ಸರ್‌ಗೆ ಟೈಪಿನ ಮೇಲೆ ಗಮನ ಇರಲಿಲ್ಲ. ಇನ್ನೊಮ್ಮೆ ತೆಗೆಸಿದರು. ಸಾವು ಎಂಬ ಕಾಲಮ್ಮನ್ನು ಕೂಡಿಸಿದರು, ಸೊನ್ನೆ. ಅವರ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಹರಡಿತು. ಇದು ತಪ್ಪಿರಬಹುದೇ ಎಂಬ ಅನುಮಾನದ ಬೆಳಕಲ್ಲ ಅದು, ಬಡ್ತಿಯ ಬೆಳಕು.

"ಸರ್, ವಯಸ್ಸಿನ ದೊಡ್ಡ ಬೆಲೆಗಳನ್ನ ಒಂದ್ಸಲ ನೋಡಿದ್ರೆ..." ಎಂದೆ.

"ನೋಡಿದೆ ಮೇಡಂ. ಡಾಟಾ ಸುಳ್ಳು ಹೇಳಲ್ಲ" ಎಂದರು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಮೇಲಿನ ಕಚೇರಿ ನಮ್ಮ ಊರನ್ನು ಮಾದರಿ ಊರು ಎಂದು ಸಾರಿತು. ದೀರ್ಘಾಯುಷ್ಯದ ರಹಸ್ಯ ತಿಳಿಯಲು ಒಂದು ತಂಡ ಬಂದು, ನಮ್ಮ ಮನೆಯ ಹುರುಳಿಸಾರನ್ನು ಪುಟ್ಟ ಸೀಸೆಯಲ್ಲಿ ತುಂಬಿಸಿಕೊಂಡು ಹೋಯಿತು. ಊರಿನ ಅತ್ಯಂತ ಹಿರಿಯರಿಗೆ ಶಾಲು ಹೊದಿಸಬೇಕೆಂದು ಗಿರಣಿಯವರ ಮನೆಗೆ ಹೋದಾಗ ಮನೆಯವರು ಒಂದಿಷ್ಟೂ ತಬ್ಬಿಬ್ಬಾಗದೆ ಶಾಲನ್ನು ಈಸಿಕೊಂಡು ಫೋಟೋಕ್ಕೆ ಹೊದಿಸಿ, ತಂಡಕ್ಕೆ ಕಾಫಿ ಕೊಟ್ಟು ಕಳಿಸಿದರು. ಊರಿಗೂ ಈ ಮರ್ಯಾದೆ ಹಿತವಾಗಿತ್ತು. ಒಂದು ಲೆಕ್ಕ ನಮ್ಮನ್ನು ಹೊಗಳುತ್ತಿರುವಾಗ ಅದರ ಬುಡ ಕೆದಕುವಂಥ ಅಸಭ್ಯರು ನಮ್ಮಲ್ಲಿ ಯಾರೂ ಇರಲಿಲ್ಲ.

ಆಮೇಲೆ ಆದೇಶ ಬಂತು. ಯಾರೂ ಸಾಯದ, ಔಷಧಿ ಹೆಚ್ಚಿರುವ ಊರಿಗೆ ಆರೋಗ್ಯ ಕೇಂದ್ರದ ಅಗತ್ಯ ಕಾಣುವುದಿಲ್ಲವಾದ್ದರಿಂದ ಕೇಂದ್ರವನ್ನು ಮುಚ್ಚಿ, ಝುಬೇದಾ ಸಿಸ್ಟರ್ ಅವರನ್ನು ತಿಂಗಳ ಕೊನೆಗೆ ಬೇರೆ ಊರಿಗೆ ವರ್ಗ ಮಾಡಲಾಗಿದೆ. ಊರಿನಲ್ಲಿ ಹೆರಿಗೆ ಮಾಡಿಸಲು ಬರುತ್ತಿದ್ದದ್ದು ಅವರೊಬ್ಬರಿಗೇ. ದೊಡ್ಡಾಸ್ಪತ್ರೆಗೆ ಹೋಗಬೇಕಾದರೆ ಗುಡ್ಡ ಇಳಿದು, ದೋಣಿ ಕಾದು, ಆಚೆ ದಡದಲ್ಲಿ ಗಾಡಿ ಹಿಡಿಯಬೇಕು. ನಮ್ಮ ಮನೆಯಲ್ಲಿ ನನ್ನ ನಾದಿನಿ ಶಶಿ ಎಂಟು ತುಂಬಿದ ಬಸುರಿ, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹಿಂದಿನ ಸಲ ಅವಳ ಮಗು ಉಳಿದಿರಲಿಲ್ಲ. ಈ ಸಲ ರಕ್ತದೊತ್ತಡ ಏರುತ್ತಿತ್ತು. ಸಿಸ್ಟರ್ ದಿನ ಬಿಟ್ಟು ದಿನ ಬಂದು, ಕಾಲಿನ ಬಾವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಒತ್ತಿದ ಕುಳಿ ತುಂಬುವುದಕ್ಕೆ ಪ್ರತಿ ಸಲವೂ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

"ನಾನು ಹೋದ್ಮೇಲೆ ಇವಳನ್ನ ಒಂದು ಗಂಟೆನೂ ಕಾಯಿಸ್ಬೇಡಿ" ಎಂದು ಸಿಸ್ಟರ್ ನನ್ನನ್ನು ಅಂಗಳಕ್ಕೆ ಕರೆದು ಹೇಳಿದರು. "ನೋವು ಬಂದ್ರೆ ದೋಣಿಯೋನು ಬರ್ತಾನೋ ಏನೋ. ನಿಮ್ಮ ಕಂಪ್ಯೂಟರ್‌ಗೆ ಏನಾದ್ರೂ ಹೇಳೋಕಾಗತ್ತಾ ಅಕ್ಕಾ?"

ಹೇಳಬೇಕಾದ್ದು ಎಷ್ಟು ಸಣ್ಣದೆಂದು ನನಗೆ ಗೊತ್ತಿತ್ತು. ಸರ್ ಬೋರ್ಡಿನ ಮೇಲೆ ಬರೆದು, ನಾವೆಲ್ಲ ನಕಲು ಮಾಡಿಕೊಂಡಿದ್ದ, ಆ ಆದೇಶಕ್ಕೆ ಮೂಲವಾದ ಪ್ರೋಗ್ರಾಮಿನಲ್ಲಿ ಅದು ಒಂದೇ ಸಾಲು. ಸಾವು ಸೊನ್ನೆಗೆ ಸಮವಾದರೆ ಕೇಂದ್ರ ಮುಚ್ಚು, ಹಾಗಲ್ಲವಾದರೆ ಮುಂದುವರಿಸು. ನೂರು ಬೇಕಾಗಿರಲಿಲ್ಲ, ಹತ್ತೂ ಬೇಕಾಗಿರಲಿಲ್ಲ. ಇಡೀ ಊರಿನಲ್ಲಿ ಒಂದು ಸಾವು ಸಾಕಿತ್ತು.

ಸರ್ ಬಳಿ ಓಡಿದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಬಡ್ತಿಯ ಬೆಳಕು ಮುಖದಿಂದ ಇಳಿಯಿತು. "ನನಗೂ ರಾತ್ರಿ ಒಂದೊಂದ್ಸಲ ಆ ಮೂಲಪುರುಷರು ಕಣ್ಮುಂದೆ ಬರ್ತಾರೆ ಮೇಡಂ" ಎಂದರು. "ಆದ್ರೆ ನಾನು ತಿದ್ದೋ ಹಾಗಿಲ್ಲ. ಇದ್ದಾರೆ ಅಂತ ಒಂದ್ಸಲ ದಾಖಲಾದ್ಮೇಲೆ ಬದಲಾಯಿಸ್ಬೇಕಾದ್ರೆ ಆ ಮನೆಯ ಹಿರಿಯರೇ ಬಂದು ಟ್ಯಾಬ್ಲೆಟ್ ಮುಂದೆ ಬಾಯಿಬಿಟ್ಟು ಹೇಳ್ಬೇಕು. ಬೂಲಿಯನ್ ಅಲ್ವಾ, ಎರಡೇ ಮಾತು ಅದಕ್ಕೆ ತಿಳಿಯೋದು. ಒಂದು ಇದ್ದಾರೆ. ಇನ್ನೊಂದು..." ಅಲ್ಲಿಗೆ ಅವರಿಗೇ ಕೆಮ್ಮು ಬಂತು.

ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಸಭೆ ಸೇರಿತು. ವಿಷಯ ತಿಳಿದಾಗ ಎಲ್ಲರೂ ಸಿಸ್ಟರ್ ಪರವಾಗಿಯೇ ಇದ್ದರು. ಯಾರಾದರೂ ಒಬ್ಬರು ಹೇಳಲೇಬೇಕೆಂದು ಒಕ್ಕೊರಲಿನಿಂದ ತೀರ್ಮಾನವೂ ಆಯಿತು. ಯಾರೆಂಬುದಷ್ಟೇ ಉಳಿಯಿತು.

"ಗಿರಣಿ ಯಜಮಾನರೇ ಹೇಳ್ಲಿ" ಎಂದಿತು ಒಂದು ದನಿ. "ಅವರ ಮೂಲಪುರುಷರನ್ನ ನೋಡಿದೋರು ಯಾರೂ ಉಳಿದಿಲ್ಲ. ಹೋದ್ರೂ ತಿಳಿಯಲ್ಲ."

ಗಿರಣಿ ಯಜಮಾನರು ಕೆರಳಿದರು. "ಮೂಲಾನೇ ಹೋದ್ರೆ ನಾವು ಎಲ್ಲಿಂದ ಬಂದ ಹಾಗಾಯ್ತು? ನಾನೂ ಹೋಗಿ, ನನ್ನ ಮಗನೂ ಹೋಗಿ, ಗಿರಣಿನೂ ಹೋದ್ರೆ ನಾಳೆ ರಾಗಿ ಎಲ್ಲಿ ಬೀಸಿಸ್ತೀರಿ?"

"ಶಾಲು ವಾಪಸ್ ಕೊಡ್ಬೇಕಾಗತ್ತೆ ಅಂತ ಹೇಳ್ರೀ ಸುಮ್ನೆ" ಎಂದರು ಹಿಂದಿನಿಂದ ಇನ್ನೊಬ್ಬರು.

ನಿವೃತ್ತ ಮೇಷ್ಟ್ರೊಬ್ಬರು ಇದನ್ನು ಪರಿಶೀಲಿಸಲು ಒಂದು ಉಪಸಮಿತಿ ಬೇಕೆಂದರು. ಉಪಸಮಿತಿಗೆ ಕೂಡಲೇ ಹೆಸರುಗಳು ಬಂದವು. ಎಲ್ಲರೂ ಹಗುರಾಗಿ ಮನೆಗೆ ಹೋದರು.

ಮನೆಯಲ್ಲಿ ನಾನು ಅತ್ತೆಯ ಮುಂದೆ ಈ ಮಾತೆತ್ತುವ ಧೈರ್ಯ ಮಾಡಿರಲಿಲ್ಲ. ಅವರೇ ಎತ್ತಿದರು. "ಅಂದ್ರೆ ನಿನ್ನ ಮಾವನ್ನ ನಾನು ಕೈಯಾರೆ ಕಳಿಸ್ಬೇಕು ಅಂತೀಯಾ?"

"ನಾನು ಹಾಗೆ ಹೇಳಿಲ್ಲ ಅತ್ತೆ."

"ನೀನು ಯಾವತ್ತು ಏನು ಹೇಳಿದ್ದೀಯಾ? ಆದ್ರೆ ಮುಖ ಹೇಳತ್ತಲ್ಲ." ಅವರು ಹೊಸ್ತಿಲ ಮೇಲೆ ಕೂತರು. "ನನಗೆ ಅವರು ಹೋಗಿದ್ದಾರೆ ಅಂತ ಗೊತ್ತು ಕಣೆ. ನಾನೇನು ಹುಚ್ಚಿಯಲ್ಲ. ಆದ್ರೆ ಇಷ್ಟು ಉಳ್ಕೊಂಡಿದ್ದಾರಲ್ಲ, ನೆನಪಿಗೆ, ಮಾತಿಗೆ. ಆ ಮಾತಾಡಿದ್ರೆ ಅದೂ ಅಳಿಸ್ಕೊಂಡು ಹೋದ್ರೆ? ನಾಳೆ ಎದ್ದು, ನಾನು ಯಾರನ್ನ ಮದ್ವೆಯಾಗಿದ್ದೆ ಅಂತ ಯೋಚನೆ ಮಾಡ್ತಾ ಕೂರ್ಬೇಕಾ?"

ತರಗತಿಯಲ್ಲಿ ಕಲಿತದ್ದೊಂದೇ ಬಾಯಿಗೆ ಬಂತು. "ದೊಡ್ಡದರ ಮೇಲೆ ನಡೆಸೋಕೆ ಮುಂಚೆ ಸಣ್ಣದರಲ್ಲಿ ಪರೀಕ್ಷೆ ಮಾಡಿ ನೋಡಬೇಕು ಅಂತಾರೆ ಸರ್."

"ಯಾವುದು ಸಣ್ಣದು?" ಎಂದರು ಅತ್ತೆ. ಆ ಮನೆಯಲ್ಲಿ ಕಳೆದುಕೊಳ್ಳಬಹುದಾದಷ್ಟು ಸಣ್ಣದು ಯಾವುದೆಂದು ನಾವಿಬ್ಬರೂ ಸುತ್ತ ನೋಡಿದೆವು. ಚಮಚವೂ ಅಲ್ಲ, ಪೊರಕೆಯೂ ಅಲ್ಲ. ಒಂದು ಗುಂಡಿಸೂಜಿಯನ್ನು ಕೂಡ ಆರಿಸಲಾಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಶಶಿ ತಲೆ ನೋಯುತ್ತಿದೆ, ಕಣ್ಣಮುಂದೆ ಮಿಂಚುಹುಳ ಹಾರಿದ ಹಾಗಾಗುತ್ತಿದೆ ಎಂದು ಕರೆದಳು. ಅತ್ತೆ ಎದ್ದು ಹೋಗಿ ಅವಳ ಕಾಲ ಬಳಿ ಕೂತು, ಸಿಸ್ಟರ್ ಮಾಡುತ್ತಿದ್ದಂತೆ ಪಾದದ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದು ಕುಳಿಯನ್ನೇ ನೋಡುತ್ತ ಕಾದರು. ಅದು ತುಂಬಲಿಲ್ಲ. ಮತ್ತೂ ಕಾದರು. ನನ್ನವರನ್ನು ಸಿಸ್ಟರ್ ಮನೆಗೆ ಓಡಿಸಿದೆವು. ಸಿಸ್ಟರ್ ಬಂದು ಮಾತ್ರೆ ಕೊಟ್ಟು ಶಶಿಯ ಪಕ್ಕದಲ್ಲೇ ಕೂತರು. ಅತ್ತೆ ಸೀರೆ ಬದಲಾಯಿಸಿಕೊಂಡು ಬಂದು, "ನಡಿ, ಆ ನಿಮ್ಮ ಕಂಪ್ಯೂಟರ್ ಹಲಗೆ ಎಲ್ಲಿದೆ ತೋರಿಸು" ಎಂದರು.

ಮಹಿಳಾ ಸಮಾಜದ ಬಾಗಿಲಿಗೆ ಹೋಗುವಷ್ಟರಲ್ಲಿ ಸುದ್ದಿ ಹೇಗೋ ಹಬ್ಬಿ, ಅನಸೂಯಮ್ಮನೂ ಇನ್ನು ಕೆಲವರೂ ಮೆಟ್ಟಿಲ ಬಳಿ ಸೇರಿದ್ದರು. ಒಳಗೆ ಬರಲು ಯಾರಿಗೂ ಮನಸ್ಸಿರಲಿಲ್ಲ. ಅಭಿನಂದನ್ ಸರ್ ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಒರಗಿಸಿ ನಿಲ್ಲಿಸಿ, ತಮ್ಮ ಚೀಲ, ಛತ್ರಿ, ಊಟದ ಡಬ್ಬಿಗಳನ್ನು ಒಂದೊಂದಾಗಿ ಎತ್ತಿಕೊಂಡರು. "ನನಗೆ ಇದರಲ್ಲೆಲ್ಲ ನಂಬಿಕೆ ಬರಲ್ಲ" ಎನ್ನುತ್ತ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು.

ಯಂತ್ರದೊಳಗಿನ ಹೆಂಗಸು ಮಾತಾಡಿದಳು. "ಚನ್ನಕೇಶವಯ್ಯ ಅವರು ಇದ್ದಾರೆಯೇ?"

ಗಂಡನ ಹೆಸರು ಕೇಳಿದ್ದೇ ಅತ್ತೆ ಸೆರಗು ಸರಿಮಾಡಿಕೊಂಡರು. "ಅವರು ದೇವರ ಹತ್ರ ಇದ್ದಾರಮ್ಮ."

"ಇದ್ದಾರೆ ಎಂದು ದಾಖಲಾಗಿದೆ. ಧನ್ಯವಾದಗಳು."

"ಧನ್ಯವಾದ ಯಾಕೆ ಹೇಳ್ತಾಳೆ ಇವಳು?"

ಮತ್ತೆ ಒತ್ತಿದೆ. ಮತ್ತೆ ಅದೇ ಪ್ರಶ್ನೆ. "ಹೋಗಿ ಬಹಳ ವರ್ಷ ಆಯ್ತು" ಎಂದರು ಅತ್ತೆ.

"ಉತ್ತರದ ಟೈಪ್ ಸರಿಯಾಗಿಲ್ಲ. ಇದು ಬೂಲಿಯನ್ ಪ್ರಶ್ನೆ."

"ಏನಂತೆ?"

"ಎಷ್ಟು ವರ್ಷ ಅನ್ನೋದು ಅವಳಿಗೆ ಬೇಡವಂತೆ ಅತ್ತೆ. ಆ ಎರಡರಲ್ಲಿ ಒಂದು ಹೇಳಿ ಅಂತಾಳೆ."

"ಶಿವನ ಪಾದ ಸೇರಿದ್ರು" ಎಂದರು. ಯಂತ್ರ ಒಪ್ಪಲಿಲ್ಲ. "ನಮ್ಮ ಮನಸ್ಸಲ್ಲಿ ಇದ್ದಾರೆ" ಎಂದರು. ಯಂತ್ರ ಸಂತೋಷದಿಂದ ಒಪ್ಪಿ ಮತ್ತೆ ಧನ್ಯವಾದ ಹೇಳಿತು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ನನ್ನ ಕೈ ಹಿಡಿದುಕೊಂಡರು. "ಒತ್ತು" ಎಂದರು.

"ಚನ್ನಕೇಶವಯ್ಯ ಅವರು ಇದ್ದಾರೆಯೇ?"

"ಇಲ್ಲ" ಎಂದರು ಅತ್ತೆ.

ಯಾವ ಸದ್ದೂ ಆಗಲಿಲ್ಲ. "ಖಚಿತವೇ?" ಎಂದು ಯಂತ್ರ ಕೇಳಿತು. "ಹೌದು ಕಣಮ್ಮ. ಎಷ್ಟು ಸಲ ಹೇಳಿಸ್ತೀಯಾ" ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು. ನಾನು ಪ್ರೋಗ್ರಾಮನ್ನು ಇನ್ನೊಮ್ಮೆ ನಡೆಸಿದೆ. ಸಾವು ಒಂದು. ಕೇಂದ್ರ ಮುಂದುವರಿಸು. ಹಾಗೆ ಬಂದದ್ದನ್ನು ಅಲ್ಲೇ ಮೇಲಿನ ಕಚೇರಿಗೆ ಕಳಿಸಿ, ತಲುಪಿತೆಂಬ ಉತ್ತರ ಬಂದ ಮೇಲೆ ಅತ್ತೆಯ ಕಡೆ ನೋಡಿದೆ. ಅವರು ಇನ್ನೂ ಕಣ್ಣು ಮುಚ್ಚಿಯೇ ಇದ್ದರು. ತುಟಿ ಅಲುಗುತ್ತಿತ್ತು.

"ಅತ್ತೆ?"

"ತಡಿಯೇ. ಹುಡುಕ್ತಿದ್ದೀನಿ." ಕಣ್ಣು ತೆರೆಯದೆಯೇ, "ಮೂಗಿನ ಪಕ್ಕ ನರೂಲಿ ಇತ್ತಲ್ಲ, ಎಡಗಡೆ?" ಎಂದರು.

"ಹೌದು, ಎಡಗಡೆ."

"ಅದಿದೆ. ಕೆಮ್ಮೂ ಇದೆ. ಎಲೆ ಮುಂದೆ ಕೂತ ತಕ್ಷಣ ಉಪ್ಪು ಕಮ್ಮಿ ಅಂತಿದ್ರಲ್ಲ, ರುಚಿ ನೋಡೋಕೆ ಮುಂಚೆನೇ, ಅದೂ ಇದೆ." ಅವರು ಕಣ್ಣು ತೆರೆದರು. "ಒಂದೂ ಹೋಗಲಿಲ್ಲವಲ್ಲೇ. ಹೋಗಿದ್ರೂ ಪರವಾಗಿರಲಿಲ್ಲ ಅನ್ನೋವೂ ಇದಾವೆ."

"ಮೊದಲೇ ತೀರಿಕೊಂಡಿದ್ದರಿಂದ ಇರಬಹುದು" ಎಂದೆ. ಭಯಕ್ಕೆ ನನ್ನ ಬುದ್ಧಿ ಎಲ್ಲಾದರೂ ಒಂದು ಕಾರಣ ಹಿಡಿದುಕೊಳ್ಳಲು ಪರದಾಡುತ್ತಿತ್ತು. ಅತ್ತೆ ಮೇಜಿನ ಮೇಲೆ ಸರ್ ಮರೆತು ಹೋಗಿದ್ದ ಪೆನ್ನನ್ನು ನೋಡಿದರು. ನಾನು ತಡೆಯುವಷ್ಟರಲ್ಲಿ, "ಈ ಪೆನ್ನು ಇಲ್ಲ" ಎಂದುಬಿಟ್ಟರು.

ಪೆನ್ನು ಇತ್ತು. ಫ್ಯಾನಿನ ಗಾಳಿಗೆ ಒಂದಿಷ್ಟು ಉರುಳಿ, ಟ್ಯಾಬ್ಲೆಟ್ಟಿಗೆ ತಾಗಿ ನಿಂತಿತು. ಅದು ಮಾಯವಾಗಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಇಷ್ಟು ವರ್ಷ ನಾನು ನುಂಗಿದ ಮಾತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದಂತಾಗಿ, ಬೆಂಚಿನ ಅಂಚು ಹಿಡಿದುಕೊಂಡೆ. ಅತ್ತೆ ಮೊದಲು ನಗಲು ಹೊರಟರು. ಆಮೇಲೆ ಅವರ ಮುಖದಲ್ಲಿ ನಗು ಅರ್ಧಕ್ಕೇ ನಿಂತಿತು, ಏಕೆಂದರೆ ಬಾಗಿಲ ಆಚೆಯಿಂದ ಅನಸೂಯಮ್ಮ ಕೂಗಿದರು. "ಏನಾಯ್ತೇ? ಅಂದ್ಬಿಟ್ಯಾ? ಎಲ್ಲ ನೆಟ್ಟಗಿದೆಯಾ?"

ಬಾಗಿಲು ತೆರೆದೆವು. ಅನಸೂಯಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಒಗೆದು ಒಣಗಿದ ಮಗನ ಅಂಗಿಯನ್ನು ಹಗ್ಗದಿಂದ ಎಳೆದುಕೊಂಡು ಹಾಗೇ ಓಡಿ ಬಂದಿದ್ದರು; ಅದು ಅವರ ಹೆಗಲ ಮೇಲಿತ್ತು. ಅತ್ತೆ ಆ ಅಂಗಿಯನ್ನು ನೋಡಿದರು. ನಾನೂ ನೋಡಿದೆ.

"ಅಯ್ಯೋ, ಆ ಮಾತು ನಾನ್ಯಾಕೆ ಆಡ್ಲಿ ಅನಸೂಯಾ" ಎಂದರು ಅತ್ತೆ. "ಯಂತ್ರಾನೇ ಕೆಟ್ಟಿತ್ತಂತೆ. ನಮ್ಮ ವಾರಿಜ ಏನೋ ಒಂದು ಸಾಲು ತಿದ್ದಿದ್ಲು, ಸರಿ ಹೋಯ್ತು. ಸಿಸ್ಟರ್ ಎಲ್ಲೂ ಹೋಗಲ್ಲ."

ಎಲ್ಲರೂ ದೊಡ್ಡದಾಗಿ ಉಸಿರು ಬಿಟ್ಟರು. ಗಿರಣಿಯವರ ಸೊಸೆ ನನ್ನನ್ನು ಅಪ್ಪಿಕೊಂಡಳು. ಒಂದು ಸಾಲಿನಿಂದ ಇಷ್ಟು ಆಗುವುದಾದರೆ ಮುಂದಿನ ತರಗತಿಗೆ ತನ್ನ ಮೈದುನನ ಹೆಂಡತಿಯನ್ನೂ ಸೇರಿಸುತ್ತೇನೆ ಎಂದಳು. ಅಭಿನಂದನ್ ಸರ್ ಒಳಗೆ ಹೋಗಿ ಮೊದಲು ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಪರದೆಯನ್ನು ನೋಡಿದ ಮೇಲೆ ನನ್ನ ಮುಖವನ್ನೂ ಅತ್ತೆಯ ಮುಖವನ್ನೂ ಒಂದೊಂದು ಸಲ ನೋಡಿ, ಏನೂ ಕೇಳದೆ, ಮಾದರಿ ಊರಿನ ಫಲಕವನ್ನು ಗೋಡೆಯಿಂದ ಇಳಿಸತೊಡಗಿದರು.

ಮನೆಗೆ ಹೋಗುವಾಗ ನಮ್ಮ ಬೀದಿಯ ತಿರುವಿನಲ್ಲಿ ಅತ್ತೆ ಒಮ್ಮೆ ಹಿಂದಿರುಗಿ ನೋಡಿ, ಯಾರೂ ಹತ್ತಿರದಲ್ಲಿ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, "ಅನಸೂಯಾಗೆ ಗೊತ್ತಾದ್ರೆ ಏನ್ಮಾಡ್ತಾಳೆ ಹೇಳು" ಎಂದರು. "ಆ ಮಾತು ಅಂದ್ರೂ ಏನೂ ಆಗಲ್ಲ ಅಂತ ತಿಳಿದ ಮೇಲೆ, ಅನ್ನದೇ ಇರೋಕೆ ಅವಳಿಗೆ ಏನು ನೆಪ ಉಳಿಯತ್ತೆ? ಇವತ್ತು ಹೆದರ್ಕೊಂಡು ಸುಮ್ಮನಿದ್ದಾಳೆ. ಆ ಹೆದರಿಕೆನೇ ಅವಳಿಗೆ ಊಟ. ಊರಿನೋರೂ ಅಷ್ಟೇ. ನಾಳೆಯಿಂದ ಒಂದು ಲೋಟ ಸಕ್ಕರೆ ಕೇಳೋಕೆ ಹೋದ್ರೆ ಮುಖದ ಮೇಲೆ ಅಂದ್ಬಿಡ್ತಾರೆ."

ನಾನು ಏನೋ ಹೇಳಲು ಬಾಯಿ ತೆರೆದೆ. ಎಂದಿನಂತೆ ವಾಕ್ಯದ ಕೊನೆಯನ್ನು ಯೋಚಿಸಲು ನಿಂತೆ.

"ಬೇಡ" ಎಂದರು ಅತ್ತೆ. "ನಾನು ಯಾರಿಗೂ ಹೇಳಲ್ಲ. ನಿನ್ನ ಗಂಡನಿಗೂ ಹೇಳಲ್ಲ, ಶಶಿಗೂ ಹೇಳಲ್ಲ." ನೀನೂ ಹೇಳಬೇಡ ಎಂದು ಅವರು ನನಗೆ ಅನ್ನಲಿಲ್ಲ. ಅನ್ನುವ ಅಗತ್ಯ ಕಂಡಿರಲಿಕ್ಕಿಲ್ಲ.

ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಶಶಿ ಒಳಗಿನಿಂದ, "ಏನಾಯ್ತಮ್ಮಾ?" ಎಂದು ಕೇಳಿದಳು.

"ಸಿಸ್ಟರ್ ಇರ್ತಾರಂತೆ ಕಣೆ" ಎಂದರು ಅತ್ತೆ. ಅಷ್ಟು ಹೇಳಿ, ಕಾಲು ತೊಳೆಯಲು ಹಿತ್ತಿಲಿಗೆ ಹೋದರು.